31 ಸಾವಿರದ ಕೆಲಸ ಬಿಟ್ಟು 9.6 ಲಕ್ಷದ ಆಫರ್‌ಗೆ ಬೆಂಗಳೂರಿಗೆ ಹೋಗುವುದಾ? ಲೆಕ್ಕ ನೋಡಿ ಹೇಳಿ ಮಾರ್ರೆ

ಬಿ.ಸಿ.ರೋಡಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ತಾಳ್ಮೆ ಇದ್ದವರು ಓದಿ.

ವಯಸ್ಸು 29. ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ಹೆಸರು ಬೇಡ. ಸೇವಾ ಸಹಕಾರಿ ಸಂಘಗಳಿಗೆ, ಕ್ರೆಡಿಟ್ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುವ ಕಂಪನಿ. ಬರುವ ನವೆಂಬರ್ 10ಕ್ಕೆ 5 ವರ್ಷ ತುಂಬುತ್ತದೆ. ಬೇಸಿಕ್ 18 ಸಾವಿರ, ಕೈಗೆ ಬರುವುದು 31. ಮನೆ ಬಿ.ಸಿ.ರೋಡಿನಿಂದ ಒಳಗೆ. ಅಪ್ಪ, ಅಮ್ಮ, ಒಂದೂಕಾಲು ಎಕರೆ ಅಡಿಕೆ. ದಿನಾ ಬೈಕಿನಲ್ಲಿ ಹೋಗಿ ಬರುವುದು. ಬಾಡಿಗೆ ಇಲ್ಲ, ಊಟ ಮನೆಯದ್ದೇ. ಹಾಗೆ ನೋಡಿದರೆ ಕಷ್ಟ ಅಂತ ಎಂತದೂ ಇಲ್ಲ.

ಕಳೆದ ವಾರ ಬೆಂಗಳೂರಿನಿಂದ ಆಫರ್ ಬಂತು. ಬ್ಯಾಂಕು, ಫೈನಾನ್ಸ್‌ನವರಿಗೆ ಸಾಲ ನಿರ್ವಹಣೆಯ ಸಾಫ್ಟ್‌ವೇರ್ ಮಾಡುವ ಕಂಪನಿ. ವರ್ಷಕ್ಕೆ 9.6 ಲಕ್ಷ ಸಿಟಿಸಿ (ಕಂಪನಿ ನನಗೆ ಅಂತ ಮಾಡುವ ಒಟ್ಟು ಖರ್ಚು), ಅಂದರೆ ತಿಂಗಳಿಗೆ 80 ಸಾವಿರ ಆಯ್ತಲ್ಲ. 18 ತಿಂಗಳ ಬಾಂಡ್ ಉಂಟು, ಅದಕ್ಕೆ ಮೊದಲು ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಇಲ್ಲಿ ನನ್ನ ನೋಟಿಸ್ 60 ದಿನ.

ಬಾಸ್‌ಗೆ ಇನ್ನೂ ಹೇಳಿಲ್ಲ. ಒಳ್ಳೆಯ ಮನುಷ್ಯ, ಕೋವಿಡ್ ಆದ ಮೇಲೆ ಎಲ್ಲಿಯೂ ಕೆಲಸ ಸಿಗದಿದ್ದಾಗ ಕರೆದು ಕೊಟ್ಟವರು. ಸೆಪ್ಟೆಂಬರ್ 25ರೊಳಗೆ ಸಂಘಗಳ ಮಹಾಸಭೆ ಮುಗಿಯಬೇಕು. ನಾನು ಈಗ ಎದ್ದು ಹೋದರೆ ಡಿವಿಡೆಂಡ್ ಪಟ್ಟಿ ತೆಗೆದುಕೊಡುವವರು ಆಫೀಸಿನಲ್ಲಿ ಬೇರೆ ಇಲ್ಲ. ಅದೇ ಹೊತ್ತಿಗೆ, ಇಷ್ಟು ವರ್ಷದಲ್ಲಿ ಹೊಸದಾಗಿ ಕಲಿತದ್ದು ಎಂತ ಅಂತ ಯಾರಾದರೂ ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ. ನಮ್ಮದು ಇವತ್ತಿಗೂ ಫಾಕ್ಸ್‌ಪ್ರೊ, ಹಳೇ ಕಾಲದ ಪ್ರೋಗ್ರಾಮಿಂಗ್ ಭಾಷೆ.

ನೀರ್‌ದೋಸೆ

31 ಎಲ್ಲಿ, 80 ಎಲ್ಲಿ! ಇದರಲ್ಲಿ ಕೇಳುವುದು ಎಂತ ಉಂಟು? ಇವತ್ತೇ ಬ್ಯಾಗ್ ಕಟ್ಟಿ.

ಕದ್ರಿ ಲೆಕ್ಕದವ

ತಡೀರಿ ನೀರ್‌ದೋಸೆಯವರೇ. 9.6 ಲಕ್ಷವನ್ನು 12ರಿಂದ ಭಾಗಿಸಿದರೆ 80 ಸಾವಿರ ಬರುವುದು ಕ್ಯಾಲ್ಕ್ಯುಲೇಟರ್‌ನಲ್ಲಿ, ಬ್ಯಾಂಕ್ ಖಾತೆಯಲ್ಲಿ ಅಲ್ಲ. ಬಿ.ಸಿ.ರೋಡಿನವರೇ, ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇರುತ್ತದೆ. ಅದನ್ನು ಹಾಕಿ, ಕಂಪನಿಯ ಹೆಸರು ಬಿಟ್ಟು.

ಬಿ.ಸಿ.ರೋಡಿನವ

ಬೇಸಿಕ್ ತಿಂಗಳಿಗೆ 40,000. ವೇರಿಯೇಬಲ್ ಪೇ ವರ್ಷಕ್ಕೆ 96,000. ಕಂಪನಿಯ ಪಿಎಫ್ ಪಾಲು 57,600. ಗ್ರಾಚ್ಯುಟಿ ಅಂತ 23,100. ವಿಮೆ 12,000. ಉಳಿದದ್ದು ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್.

ಕದ್ರಿ ಲೆಕ್ಕದವ

ನೋಡಿ ಈಗ. ವೇರಿಯೇಬಲ್ ವರ್ಷದ ಕೊನೆಗೆ, ಅದೂ ಅವರಿಗೆ ಮನಸ್ಸು ಬಂದಷ್ಟು. ಅದನ್ನು ಮರೆತುಬಿಡಿ, ಬಂದರೆ ಬಂಪರ್. ಕಂಪನಿಯ ಪಿಎಫ್ ಪಾಲು ನಿಮ್ಮದೇ ದುಡ್ಡು, ಆದರೆ ಕೈಗೆ ಬರುವುದಲ್ಲ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕೊಡುವ ಗಂಟು, ಅದೂ ಅಲ್ಲಿ 5 ವರ್ಷ ಕೂತರೆ ಮಾತ್ರ. ವಿಮೆ ಅವರು ಕಟ್ಟುವುದು. ಇದನ್ನೆಲ್ಲ ಕಳೆದರೆ ವರ್ಷಕ್ಕೆ 7,71,300 ಉಳಿಯಿತು, ತಿಂಗಳಿಗೆ 64,275. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 12 ಶೇಕಡಾ, 4,800 ಹೋಯಿತು. ವೃತ್ತಿ ತೆರಿಗೆ 200. ಕೈಗೆ 59,275.

ಆದಾಯ ತೆರಿಗೆಯ ಚಿಂತೆ ಬೇಡ. 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಹಾಗಾಗಿ ನೀವು ಹೋಲಿಸಬೇಕಾದ್ದು 31 ಮತ್ತು 59. ಸಣ್ಣ ವ್ಯತ್ಯಾಸ ಅಲ್ಲ, ಆದರೆ 80ರ ಲೆಕ್ಕದಲ್ಲಿ ಮನೆ ಹಿಡಿಯಬೇಡಿ.

ಯಲಹಂಕದಲ್ಲಿರುವ ವಿಟ್ಲದವ

ನಾನು ಮುಂದುವರಿಸುತ್ತೇನೆ. ಒಬ್ಬನೇ ಇರುವುದಾದರೆ ಪಿಜಿ, ಊಟ ಸೇರಿ 12ರಿಂದ 14 ಸಾವಿರ. ಪಿಜಿ ಸಾಂಬಾರು ಕೆಲವು ತಿಂಗಳು ತಿಂದ ಮೇಲೆ ಮನೆ ಹುಡುಕುತ್ತೀರಿ, ಬರೆದಿಟ್ಟುಕೊಳ್ಳಿ. ಒಂದು ಬೆಡ್‌ರೂಮಿನ ಮನೆ ಆಫೀಸಿನ ಹತ್ತಿರ ಬೇಕಾದರೆ 18-20, ಮೇಲಿಂದ ಡೆಪಾಸಿಟ್ ಒಂದು ದೊಡ್ಡ ಗಂಟು. ಓಡಾಟ, ಕರೆಂಟು, ಶನಿವಾರ ಹೊರಗೆ ಊಟ, ತಿಂಗಳಿಗೊಮ್ಮೆ ಊರು. ಒಟ್ರಾಸಿ 25ರಿಂದ 30 ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಊರಿಗೆ ಬರುವುದು ಅಂದೆನಲ್ಲ, ಅದೂ ಒಂದು ಕಥೆ. ರೈಲು ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ಚೌತಿ, ದೀಪಾವಳಿಗೆ ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂತರೂ ವೇಟಿಂಗ್ ಲಿಸ್ಟ್. ಬಸ್ಸಿನವರು ಹಬ್ಬಕ್ಕೆ ರೇಟು ಎಷ್ಟು ಬೇಕಾದರೂ ಏರಿಸುತ್ತಾರೆ. ಆಟಿಯ ಮಳೆಗೆ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಚಾರ್ಮಾಡಿ, ಅಲ್ಲಿಯೂ ಜಾರಿದರೆ ರೂಮಿನಲ್ಲೇ ಹಬ್ಬ.

ನೀರ್‌ದೋಸೆ

ಹಾಗಾದರೆ ಕೊನೆಗೆ ಉಳಿಯುವುದು 30. ಈಗ ಎಷ್ಟು ಉಳಿಯುತ್ತದೆ ಬಿ.ಸಿ.ರೋಡಿನವರೇ?

ಬಿ.ಸಿ.ರೋಡಿನವ

ಮನೆಗೆ 15 ಕೊಡುತ್ತೇನೆ. ಪೆಟ್ರೋಲಿಗೆ 4. ಉಳಿದದ್ದರಲ್ಲಿ ನನ್ನ ಖರ್ಚು ಕಳೆದು 8 ಸಾವಿರ ಆರ್‌ಡಿ ಕಟ್ಟುತ್ತೇನೆ. ಬೆಂಗಳೂರಿಗೆ ಹೋದರೂ ಮನೆಗೆ 15 ಕೊಡಲೇಬೇಕು. ಅಂದರೆ ಉಳಿಯುವುದು 15. ಎಂಟು ಇದ್ದದ್ದು ಹದಿನೈದು ಆಗಲಿಕ್ಕೆ ಊರು ಬಿಡಬೇಕಾ ಅಂತ ಈಗ ಅನಿಸಲಿಕ್ಕೆ ಶುರುವಾಯಿತು.

ಬಿಜೈ ಎಚ್‌ಆರ್ ಅಕ್ಕ

ಅಲ್ಲಿಗೇ ನಿಲ್ಲಿಸಬೇಡಿ. ಮೊದಲ ವರ್ಷದ ಉಳಿತಾಯ ನೋಡಿ ಕೆಲಸ ಬದಲಾಯಿಸುವವರು ಯಾವತ್ತೂ ಬದಲಾಯಿಸುವುದಿಲ್ಲ. 18 ಸಾವಿರ ಬೇಸಿಕ್ ಮೇಲೆ ಎರಡೂ ಪಾಲು ಸೇರಿ ನಿಮ್ಮ ಪಿಎಫ್‌ಗೆ ತಿಂಗಳಿಗೆ 4,320 ಹೋಗುತ್ತಿದೆ. 40 ಸಾವಿರದ ಮೇಲೆ 9,600. ಅದರಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ ಹೋದರೂ ಇದು ಉಳಿತಾಯ ಅಲ್ವಾ? ಮತ್ತೆ, ಮುಂದಿನ ಕಂಪನಿ ಇನ್‌ಕ್ರಿಮೆಂಟ್ ಹಾಕುವುದು 59ರ ಮೇಲೆ, 31ರ ಮೇಲೆ ಅಲ್ಲ.

ಇನ್ನು ಯಾರೂ ಕೇಳದ ಒಂದು ವಿಷಯ. ನಿಮಗೆ 5 ವರ್ಷಕ್ಕೆ ನವೆಂಬರ್ 10. ಇವತ್ತು ರಾಜೀನಾಮೆ ಕೊಟ್ಟರೆ 60 ದಿನದಲ್ಲಿ, ಅಂದರೆ ಸೆಪ್ಟೆಂಬರ್ ನಡುವಿಗೆ ಹೊರಗೆ. ಎರಡು ತಿಂಗಳಿಗೆ ಗ್ರಾಚ್ಯುಟಿ ಕೈ ತಪ್ಪುತ್ತದೆ. ಕೊನೆಯ ಬೇಸಿಕ್‌ಗೆ 15 ಗುಣಿಸಿ 26ರಿಂದ ಭಾಗಿಸಿ, ವರ್ಷದಿಂದ ಗುಣಿಸಿ. 18,000ಕ್ಕೆ 5 ವರ್ಷಕ್ಕೆ 51,923 ರೂಪಾಯಿ.

ಕದ್ರಿ ಲೆಕ್ಕದವ

ಅಕ್ಕ, 4 ವರ್ಷ 240 ದಿನ ಆದರೆ 5ನೇ ವರ್ಷವೂ ತುಂಬಿದ ಹಾಗೆ ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಉಂಟಲ್ಲ. ಸೆಪ್ಟೆಂಬರ್‌ಗೆ ಇವರದು 4 ವರ್ಷ 10 ತಿಂಗಳು. ಸಿಗಬೇಕು.

ಬಿಜೈ ಎಚ್‌ಆರ್ ಅಕ್ಕ

ಉಂಟು, ಗೊತ್ತು. ಕಾನೂನಿನಲ್ಲಿ ‘ನಿರಂತರ ಸೇವೆ’ಯ ಒಂದು ವರ್ಷ ಅಂದರೆ 240 ದಿನ, ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಗೆ 190 ದಿನ. ಆ ಆಧಾರದ ಮೇಲೆಯೇ ಆ ತೀರ್ಪು. ದೊಡ್ಡ ಕಂಪನಿಗಳು ಕೆಲವು ಒಪ್ಪುತ್ತವೆ. ಹದಿನೈದು ಜನರ ಆಫೀಸಿನ ಮಾಲೀಕರು ‘5 ಅಂದರೆ 5’ ಅಂತ ಕೂತರೆ ಇವರು ಎಂತ ಮಾಡುವುದು? 52 ಸಾವಿರಕ್ಕೆ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುವುದಾ, ಅದೂ ಬೆಂಗಳೂರಿನಿಂದ ರಜೆ ಹಾಕಿ ಬಂದು? ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಜಗಳ ಇಲ್ಲದೆ ಕೈಗೆ ಬರುವುದು ಬೇರೆ.

ಕದ್ರಿ ಲೆಕ್ಕದವ

ಸರಿ. ಆದರೆ ಎರಡು ತಿಂಗಳು ತಡ ಮಾಡಿದರೆ 28 ಗುಣಿಸು 2, 56 ಸಾವಿರ ಸಂಬಳದ ವ್ಯತ್ಯಾಸ ಹೋಯಿತು. 52ಕ್ಕಾಗಿ 56 ಬಿಟ್ಟ ಹಾಗಾಯಿತಲ್ಲ.

ಬಿಜೈ ಎಚ್‌ಆರ್ ಅಕ್ಕ

ಲೆಕ್ಕದವರೇ, ನಿಮ್ಮ ಲೆಕ್ಕದಲ್ಲೇ ತಪ್ಪು ಹಿಡಿಯುವ ಯೋಗ ಇವತ್ತು ನನಗೆ. ಬೆಂಗಳೂರಿನ ಖರ್ಚು ಕಳೆದಿರಾ? ಉಳಿಯುವುದು 8ರಿಂದ 15ಕ್ಕೆ ಏರಿತು ಅಂತ ಅವರೇ ಹೇಳಿದ್ದಾರೆ. ವ್ಯತ್ಯಾಸ 7 ಸಾವಿರ. ಪಿಎಫ್‌ನ 5 ಸಾವಿರ ಚಿಲ್ಲರೆ ಸೇರಿಸಿದರೂ ಎರಡು ತಿಂಗಳಿಗೆ 25 ಸಾವಿರ ದಾಟುವುದಿಲ್ಲ. ಅದರ ಎದುರು 52 ಸಾವಿರ, ತೆರಿಗೆ ಇಲ್ಲದ ದುಡ್ಡು. ಕಾಯುವುದೇ ಲಾಭ.

ಕದ್ರಿ ಲೆಕ್ಕದವ

ಒಪ್ಪಿದೆ. ಹೊಸ ಕಂಪನಿ ಕಾಯುತ್ತದಾ ಅನ್ನುವುದು ಪ್ರಶ್ನೆ.

ಕುಂದಾಪ್ರದ ಹ್ವಾಯ್

ಹ್ವಾಯ್, ಇದ್ರಗೆ ಇಷ್ಟ್ ಯೋಚ್ನಿ ಮಾಡುಕೆ ಎಂತ ಇತ್ತ್? ನಮ್ ಬದಿಯರ್ ಹದ್ನಾಲ್ಕ್ ವರ್ಷಕ್ಕೇ ಬೆಂಗ್ಳೂರ್ ಬಸ್ ಹತ್ತಿ ಹೋಟ್ಲಗೆ ಲೋಟ ತೊಳ್ದ್ ಈಗ ಹೋಟ್ಲೇ ಮಾಡ್ಕಂಡಿರ್. ನಿಮ್ಗೆ ಎಸಿ ರೂಮಗೆ ಕೂಕಂಡ್ ಮಾಡು ಕೆಲ್ಸ. ಹೋಯ್ನಿ ಮರ್ರೆ!

ಹಳೇ ಬ್ಯಾಂಕಿನವ

ನಾನು ನಿವೃತ್ತ. ಇಲ್ಲಿ ಹೆಚ್ಚಿನವರು ನನ್ನ ಮಕ್ಕಳ ಪ್ರಾಯದವರು, ಹಾಗಾಗಿ ಸ್ವಲ್ಪ ಉಪದೇಶದ ವಾಸನೆ ಬಂದರೆ ಸಹಿಸಿಕೊಳ್ಳಿ.

ನಮ್ಮ ಕಾಲದಲ್ಲಿ ಈ ಜಿಲ್ಲೆಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿದವನು ಅದನ್ನು ಬಿಡುವ ಮಾತೇ ಇರಲಿಲ್ಲ. ಬಿಡುತ್ತೇನೆ ಅಂದರೆ ಮನೆಯವರು ಮಂತ್ರವಾದಿಯನ್ನು ಕರೆಸುತ್ತಿದ್ದರು. ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ ಹುಟ್ಟಿದವು, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಐದೂ ನಮ್ಮ ಮಂಗಳೂರು-ಉಡುಪಿಯವು. ಇವತ್ತು ಏನಾಯಿತು? 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾದ ಒಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಪಾಂಡೇಶ್ವರದ ಪ್ರಧಾನ ಕಚೇರಿಯಲ್ಲಿ ಕೂತಿದ್ದ ನನ್ನ ಗೆಳೆಯರಿಗೆ ಐವತ್ತು ದಾಟಿದ ಮೇಲೆ ಮುಂಬೈಯ ಆರ್ಡರ್ ಬಂತು. ಊರು ಬಿಡಬಾರದು ಅಂತ ಬಡ್ತಿ ಬೇಡ ಅಂದವರು ಅವರು. ಕಾಲ ಕಳೆದ ಮೇಲೆ ಊರೂ ಬಿಡಬೇಕಾಯಿತು, ಬಡ್ತಿಯೂ ಇಲ್ಲ.

ಬಾಂಡ್ ವಿಷಯಕ್ಕೆ ಒಂದು ಮಾತು. ‘ಬಾಂಡಿಗೆಲ್ಲ ಬೆಲೆ ಇಲ್ಲ, ಸಹಿ ಹಾಕಿ ಹೋಗು’ ಅಂತ ಯಾರೂ ಹೇಳುವುದು ಬೇಡ. ನಮ್ಮ ವಿಜಯಾ ಬ್ಯಾಂಕಿನದ್ದೇ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 3 ವರ್ಷ ಇರಬೇಕು, ಇಲ್ಲದಿದ್ದರೆ 2 ಲಕ್ಷ ಕೊಡಬೇಕು ಅಂತ ಷರತ್ತು. ಅಧಿಕಾರಿಯೊಬ್ಬರು ಮೊದಲೇ ಬಿಟ್ಟು ಬೇರೆ ಬ್ಯಾಂಕಿಗೆ ಹೋದರು, ಹಣ ಕಟ್ಟಿ ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ಹೇಳಿತು. ಸರ್ಕಾರಿ ಬ್ಯಾಂಕು ಒಬ್ಬನನ್ನು ಆರಿಸಬೇಕಾದರೆ ದೇಶಕ್ಕೆಲ್ಲ ಜಾಹೀರಾತು ಕೊಟ್ಟು ದೊಡ್ಡ ಪ್ರಕ್ರಿಯೆ ಮಾಡಬೇಕು, ಹಾಗಾಗಿ ಷರತ್ತು ಅನ್ಯಾಯದ್ದಲ್ಲ ಅಂತ. ಖಾಸಗಿ ಕಂಪನಿಗೆ ಇದೇ ಅಳತೆ ಹಾಕಲಿಕ್ಕೆ ಆಗುವುದಿಲ್ಲ, ಅವರು ತಮ್ಮ ನಷ್ಟ ಏನು ಅಂತ ತೋರಿಸಬೇಕಾಗುತ್ತದೆ. ಆದರೂ ಒಂದೂವರೆ ಲಕ್ಷವನ್ನು ನಿಜವಾದ ಸಾಲ ಅಂತಲೇ ತಿಳಿದು ಸಹಿ ಹಾಕಿ.

ಬಿ.ಸಿ.ರೋಡಿನವ

ಸರ್, ಇಲ್ಲಿಯ ಕಂಪನಿಯ ಪತ್ರದಲ್ಲೂ ಒಂದು ಸಾಲು ಉಂಟು. ಬಿಟ್ಟ ಮೇಲೆ 2 ವರ್ಷ ಇದೇ ಥರದ ಕಂಪನಿಗೆ ಸೇರಬಾರದು ಅಂತ.

ಹಳೇ ಬ್ಯಾಂಕಿನವ

ಅದಕ್ಕೆ ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಕಲಮು. ಕೆಲಸದಲ್ಲಿ ಇರುವಾಗ ಕಟ್ಟಿ ಹಾಕಬಹುದು, ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ಷರತ್ತು ನಿಲ್ಲುವುದಿಲ್ಲ. ಆದರೆ ಅವರ ಕೋಡು, ಗ್ರಾಹಕರ ಪಟ್ಟಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಅದು ಬೇರೆಯೇ ಕೇಸು.

ಮಣಿಪಾಲದಲ್ಲೇ ಉಳಿದವಳು

ನಾನು ಎದುರು ಪಕ್ಷದವಳು. ಮಣಿಪಾಲದ ಒಂದು ಸಂಸ್ಥೆಯ ಲ್ಯಾಬಿನಲ್ಲಿದ್ದೇನೆ. ಹೈದರಾಬಾದಿನಿಂದ ಇಮ್ಮಡಿಯ ಹತ್ತಿರದ ಆಫರ್ ಬಂದಾಗ ಹೋಗಲಿಲ್ಲ. ಬೇಸರವೂ ಇಲ್ಲ. ಯಾಕೆಂದರೆ ನನಗೆ ಇಲ್ಲಿ ಮೇಲಿನ ಹುದ್ದೆ ಇತ್ತು, ಹೊಸ ಯಂತ್ರ ಬಂದಾಗ ತರಬೇತಿಗೆ ನನ್ನನ್ನೇ ಕಳಿಸುತ್ತಿದ್ದರು, ಪಾರ್ಟ್ ಟೈಮ್ ಓದಲಿಕ್ಕೆ ಬಿಟ್ಟರು. ಸಂಬಳ ನಿಧಾನಕ್ಕೆ ಏರಿತು, ಆದರೆ ಏರಿತು. ಪರ್ಕಳದಲ್ಲಿ ಮನೆ, ಮಗು ಅತ್ತೆಯ ಹತ್ತಿರ. ಬೆಂಗಳೂರಿನಲ್ಲಿ ಡೇಕೇರ್‌ಗೆ ಕೊಡುವ ದುಡ್ಡನ್ನೂ ಸಂಬಳದಲ್ಲಿ ಸೇರಿಸಿ ನೋಡಬೇಕು.

ನಿಮ್ಮ ಕಥೆಯಲ್ಲಿ ನನಗೆ ಕಂಡದ್ದು ದುಡ್ಡಲ್ಲ. ‘ಕಲಿತದ್ದು ಎಂತ ಅಂದರೆ ಹೇಳಲಿಕ್ಕೆ ಏನೂ ಇಲ್ಲ’ ಅಂದಿರಲ್ಲ, ಅದು. ನಿಮ್ಮ ಆಫೀಸಿನಲ್ಲಿ ನಿಮಗಿಂತ ಮೇಲೆ ಯಾರಿದ್ದಾರೆ? ಇನ್ನು ಮೂರು ವರ್ಷಕ್ಕೆ ನೀವು ಏನಾಗಬಹುದು?

ಬಿ.ಸಿ.ರೋಡಿನವ

ಮೇಲೆ ಬಾಸ್ ಮಾತ್ರ. ನಾನು ಸೇರುವಾಗ ಒಬ್ಬರು ಸೀನಿಯರ್ ಇದ್ದರು, ಅವರು ದುಬೈಗೆ ಹೋದರು. ಅವರು ಬರೆದ ಕೋಡಿನಲ್ಲಿ ಎಲ್ಲಿ ಎಂತ ಉಂಟು ಅಂತ ಗೊತ್ತಿರುವುದು ಈಗ ನನಗೊಬ್ಬನಿಗೇ. ಹೊಸಬರು ಬರುತ್ತಾರೆ, ಫಾಕ್ಸ್‌ಪ್ರೊ ಅಂದ ಕೂಡಲೇ ಕೆಲವೇ ತಿಂಗಳಲ್ಲಿ ಓಡುತ್ತಾರೆ. ಎರಡು ಸಲ ಬಾಸ್ ಹತ್ತಿರ ಹೊಸ ವರ್ಷನ್ ಮಾಡುವ, ಜಾವಾದಲ್ಲಿ ಬರೆಯುವ ಅಂತ ಹೇಳಿದೆ. ‘ಈ ಮಹಾಸಭೆ ಸೀಸನ್ ಮುಗಿಯಲಿ’ ಅಂತಾರೆ. ಅದು ಮುಗಿದರೆ ಮಾರ್ಚ್ ಎಂಡ್ ಬರುತ್ತದೆ.

ಬಿಜೈ ಎಚ್‌ಆರ್ ಅಕ್ಕ

ಇಗೊಳ್ಳಿ, ಗಂಟು ಬಿಚ್ಚಿತು. ನಿಮ್ಮನ್ನು ಬಿಟ್ಟರೆ ನಡೆಯುವುದಿಲ್ಲ ಅನ್ನುವ ಜಾಗದಲ್ಲಿ ನಿಮಗೆ ಬಡ್ತಿ ಕೊಡಲಿಕ್ಕೆ ಆಗುವುದೇ ಇಲ್ಲ. ನಿಮ್ಮನ್ನು ಮೇಲೆ ಕೂರಿಸಿದರೆ ಕೆಳಗಿನ ಕೆಲಸ ಯಾರು ಮಾಡುವುದು? ಬಾಸ್ ಕೆಟ್ಟವರು ಅಂತ ಹೇಳುತ್ತಿಲ್ಲ, ಎಷ್ಟು ಒಳ್ಳೆಯವರಾದರೂ ಅವರ ಕೈ ಕಟ್ಟಿದೆ. ಸಣ್ಣ ಕಂಪನಿಗಳಲ್ಲಿ ಇದನ್ನು ದಿನಾ ನೋಡುತ್ತೇನೆ. ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವನು ಇದ್ದಲ್ಲೇ ಇರುತ್ತಾನೆ, ಅರ್ಧಂಬರ್ಧ ಮಾಡುವವನನ್ನು ಮ್ಯಾನೇಜರ್ ಮಾಡಿ ಬೇರೆ ಕಡೆ ಕೂರಿಸುತ್ತಾರೆ.

ಸಂಘದ ಕಾರ್ಯದರ್ಶಿ

ನಾನು ಕಾರ್ಕಳ ಕಡೆಯ ಒಂದು ಸಂಘದಲ್ಲಿದ್ದೇನೆ. ಬಿ.ಸಿ.ರೋಡಿನವರು ಯಾರು ಅಂತ ಗೊತ್ತಿಲ್ಲ, ಆದರೆ ಅವರ ಥರದ ಹುಡುಗನೊಬ್ಬ ನಮಗೂ ಇದ್ದಾನೆ. ಮಾರ್ಚ್ 31ರ ರಾತ್ರಿ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಳೆಸಾಲ ಕಟ್ಟುವವರೆಲ್ಲ ಅದೇ ದಿನ ಬರುವುದು. ಹಳೆ ಸಾಲ ಜಮಾ, ಹೊಸ ಸಾಲ ಖರ್ಚು, ಬಡ್ಡಿ ರಿಯಾಯಿತಿ ಬೇರೆ. ಎಲ್ಲ ಹೊಡೆದು ರಾತ್ರಿ ಜಮಾ-ಖರ್ಚು ತಾಳೆ ನೋಡಿದರೆ ನಾಲ್ಕೇ ನಾಲ್ಕು ರೂಪಾಯಿ ವ್ಯತ್ಯಾಸ. ಲಕ್ಷದ ವ್ಯತ್ಯಾಸ ಬೇಗ ಸಿಗುತ್ತದೆ, ನಾಲ್ಕು ರೂಪಾಯಿಯದ್ದು ಸಿಗುವುದಿಲ್ಲ. ಫೋನ್ ಮಾಡಿದರೆ ಆ ಹುಡುಗ ಮನೆಯಿಂದಲೇ ನಮ್ಮ ಕಂಪ್ಯೂಟರ್ ಒಳಗೆ ಬಂದು, ಎಲ್ಲೋ ಬಡ್ಡಿಯ ಪೈಸೆ ರೌಂಡ್ ಆದದ್ದನ್ನು ಹಿಡಿದು ಸರಿ ಮಾಡಿಕೊಡುತ್ತಾನೆ. ಅವನು ಹೋದರೆ ನನಗೆ ಮಂಡೆಬಿಸಿಯೇ.

ಆದರೂ ಹೇಳುತ್ತೇನೆ, ಹೋಗಿ. ಕಾರಣ ಇದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆಲ್ಲ ಒಂದೇ ಸಾಫ್ಟ್‌ವೇರ್ ಅಂತ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿಯ ಯೋಜನೆ ಮಾಡಿತು, 63,000 ಸಂಘಗಳಿಗೆ. ನಬಾರ್ಡ್ ಉಸ್ತುವಾರಿ. ಇದು ಎಲ್ಲ ಕಡೆ ಪೂರ್ತಿ ಕೂತ ದಿನ ನಿಮ್ಮ ಕಂಪನಿಯ ಅರ್ಧ ಗಿರಾಕಿಗಳು ನಿಮ್ಮನ್ನು ಇಟ್ಟುಕೊಳ್ಳಬೇಕು ಅಂದರೂ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲೇ ಇದ್ದರೆ ಭದ್ರ ಅಂತ ಯಾರಾದರೂ ಹೇಳಿದರೆ ಈ ವಿಷಯ ಅವರಿಗೆ ಗೊತ್ತಿಲ್ಲ ಅಂತ ಅರ್ಥ.

ಇನ್ನೊಂದು, ನೀವು ಫಾಕ್ಸ್‌ಪ್ರೊ ಬರುವವ ಅಂತ ಬೆಂಗಳೂರಿನವರು ಕರೆದದ್ದಲ್ಲ. ಅದನ್ನು ಮೈಕ್ರೋಸಾಫ್ಟ್‌ನವರೇ 2015ಕ್ಕೆ ಕೈಬಿಟ್ಟಿದ್ದಾರಂತೆ, ನಮ್ಮ ಹುಡುಗ ಹೇಳಿದ್ದು. ಸಾಲ, ಬಡ್ಡಿ, ಸುಸ್ತಿ, ಅಡವು ಇದೆಲ್ಲ ಹೇಗೆ ನಡೆಯುತ್ತದೆ ಅಂತ ಕೌಂಟರಿನ ಈಚೆ ಕೂತು ನೋಡಿದವರು ಅಲ್ಲಿ ಕಡಿಮೆ. ಅದನ್ನು ಇಂಟರ್ವ್ಯೂನಲ್ಲಿ ಹೇಳಿದ್ದೀರಾ ಇಲ್ವಾ?

ಬಿ.ಸಿ.ರೋಡಿನವ

ಸರ್, ನೀವು ಹೇಳಿದ ಆ ನಾಲ್ಕು ರೂಪಾಯಿ ಹುಡುಕುವ ಕೆಲಸ ನಾನೂ ಮಾಡಿದ್ದೇನೆ. ಇಂಟರ್ವ್ಯೂನಲ್ಲಿ ಅರ್ಧ ಗಂಟೆ ಬಡ್ಡಿ ರಿಯಾಯಿತಿಯ ಲೆಕ್ಕದ ಮೇಲೆಯೇ ಮಾತು ಹೋಯಿತು. ಕೋಡಿಂಗ್ ಟೆಸ್ಟ್ ಸುಮಾರಾಗಿ ಮಾಡಿದ್ದೆ, ಆಫರ್ ಬಂದದ್ದು ಅದರಿಂದಲೇ ಇರಬೇಕು.

ಈಗ ಹೊಸ ಸುದ್ದಿ. ಬಾಸ್‌ಗೆ ಗೊತ್ತಾಯಿತು. ನಾನು ಹೇಳಿಲ್ಲ. ಮಂಗಳೂರಿನಲ್ಲಿ ಎಂತ ಗುಟ್ಟು ಉಳಿಯುತ್ತದೆ ಹೇಳಿ, ಬೆಂಗಳೂರಿನ ಆ ಕಂಪನಿಯಲ್ಲಿ ಇರುವವರೊಬ್ಬರು ಬಾಸ್‌ನ ಭಾವನ ಕ್ಲಾಸ್‌ಮೇಟ್ ಅಂತೆ. ನಿನ್ನೆ ಕರೆದು ಎದುರು ಕೂರಿಸಿಕೊಂಡು, ‘ಎಷ್ಟು ಬೇಕು ಹೇಳು’ ಅಂದರು. ಕೈಗೆ 45 ಕೊಡುತ್ತಾರಂತೆ. ಟೀಮ್ ಲೀಡ್ ಅಂತ ಹೆಸರು. ‘ನೀನು ಹೋದರೆ ನಾನು ಶಟರ್ ಎಳೆಯಬೇಕು’ ಅಂದರು. ನಾನು ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಮನೆಯಲ್ಲಿ ಅಮ್ಮನಿಗೆ ಇದು ದೇವರೇ ಕೊಟ್ಟ ಉತ್ತರ. ಅಪ್ಪ ಎಂತದೂ ಮಾತಾಡಲಿಲ್ಲ, ತೋಟಕ್ಕೆ ಎರಡನೇ ಸಲ ಮದ್ದು ಬಿಡಲಿಕ್ಕೆ ಜನ ಸಿಗುತ್ತಾರಾ ಅಂತ ಫೋನ್ ಮಾಡುತ್ತಾ ಇದ್ದರು.

ನೀರ್‌ದೋಸೆ

45ಕ್ಕೆ ಮನೆ ಊಟ! ನಾನು ಪಕ್ಷ ಬದಲಾಯಿಸಿದೆ. ಉಳಿಯಿರಿ.

ಯಲಹಂಕದಲ್ಲಿರುವ ವಿಟ್ಲದವ

ಇಷ್ಟು ವರ್ಷ ಇಲ್ಲದ 14 ಸಾವಿರ ಒಂದು ರಾತ್ರಿಯಲ್ಲಿ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಳ್ಳಿ.

ಮಣಿಪಾಲದಲ್ಲೇ ಉಳಿದವಳು

ಟೀಮ್ ಲೀಡ್ ಅಂದರೆ ಟೀಮ್ ಎಲ್ಲಿದೆ? ನನಗೆ ಉಳಿಯಲಿಕ್ಕೆ ಕಾರಣ ಇತ್ತು, ಅದು ಆಫರ್ ಬರುವ ಮೊದಲೇ ಇತ್ತು. ನಿಮಗೆ ಆಫರ್ ಬಂದ ಮೇಲೆ ಹುಟ್ಟಿದ ಕಾರಣ. ಹಾಗಂತ ಬಾಗಿಲು ಮುಚ್ಚಬೇಡಿ. ಬಾಸ್ ಹತ್ತಿರ ಹೋಗಿ ಕೇಳಿ: ಹೊಸ ವರ್ಷನ್ ಕೆಲಸ ಯಾವ ತಿಂಗಳು ಶುರು, ಎಷ್ಟು ಜನ ತೆಗೆದುಕೊಳ್ಳುತ್ತೀರಿ, ಇದನ್ನು ಬರೆದು ಕೊಡುತ್ತೀರಾ. ದುಡ್ಡಿನ ಮಾತು ಎತ್ತಲೇ ಬೇಡಿ. ಬರೆದು ಕೊಟ್ಟರೆ ಉಳಿಯುವ ಬಗ್ಗೆ ಗಂಭೀರವಾಗಿ ಯೋಚಿಸಿ.

ಬೋಳಾರದ ಬಾವ

ನಾನೂ ಕೌಂಟರ್ ಆಫರ್ ತೆಗೆದುಕೊಂಡು ಉಳಿದವನೇ. ಇನ್ನೂ ಅಲ್ಲೇ ಇದ್ದೇನೆ, ಕಂಪನಿಯ ಹೆಸರು ಹೇಳಿದರೆ ನಗುತ್ತೀರಿ, ಅದು ನಮ್ಮ ಹಂಪನಕಟ್ಟೆಯ

ನಿರ್ವಾಹಕ

ಮೇಲಿನ ಪ್ರತಿಕ್ರಿಯೆಯ ಉಳಿದ ಭಾಗ ತೆಗೆದಿದೆ. ಕಂಪನಿಯ ಹೆಸರು ಹಾಕಬಾರದು ಅಂತ ಎಷ್ಟು ಸಲ ಹೇಳುವುದು ಬಾವ?

ದುಬೈ ಕುಡ್ಲ

ಬೆಂಗಳೂರು, ಮಂಗಳೂರು ಅಂತ ಎರಡೇ ಊರು ಲೋಕದಲ್ಲಿ ಇರುವ ಹಾಗೆ ಮಾತಾಡುತ್ತೀರಲ್ಲ. ಇಲ್ಲಿ ಪಿಎಫ್ ಇಲ್ಲ. ಕೆಲಸ ಬಿಡುವಾಗ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು ಕೊಡುತ್ತಾರೆ, ಒಂದು ವರ್ಷ ತುಂಬಿದರೆ ಸಾಕು. ಸಾಲ ನಿರ್ವಹಣೆಯ ಸಾಫ್ಟ್‌ವೇರ್ ಗೊತ್ತಿದ್ದವರಿಗೆ ಇಲ್ಲಿಯ ಬ್ಯಾಂಕುಗಳಲ್ಲಿ ಕೆಲಸ ಉಂಟು. ಫಾಕ್ಸ್‌ಪ್ರೊಗೆ ಇಲ್ಲ. ಬೆಂಗಳೂರಿನಲ್ಲಿ ಎರಡು-ಮೂರು ವರ್ಷ ಮಾಡಿ ಬನ್ನಿ, ಆಮೇಲೆ ಮಾತಾಡುವ.

ಬಿ.ಸಿ.ರೋಡಿನವ

ಮಣಿಪಾಲದ ಮೇಡಂ ಹೇಳಿದ ಹಾಗೆಯೇ ಕೇಳಿದೆ. ಬಾಸ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬರೆದು ಕೊಡುವುದೆಲ್ಲ ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ’ ಅಂದರು. ಆಮೇಲೆ ಅವರೇ, ‘ಹೊಸ ವರ್ಷನ್‌ಗೆ ಹಾಕಲಿಕ್ಕೆ ನನ್ನ ಹತ್ತಿರ ದುಡ್ಡಿಲ್ಲ ಮಾರಾಯ’ ಅಂದರು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ಗೌರವ ಹೆಚ್ಚೇ ಆಯಿತು. ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. ರಾಜೀನಾಮೆ ಮೇಲ್ ನಾಳೆಯೇ ಹಾಕುವುದಾ? ಕೊನೆಯ ದಿನ ನವೆಂಬರ್ 14 ಅಂತ ಬರೆದರೆ ಗ್ರಾಚ್ಯುಟಿಯೂ ಆಗುತ್ತದೆ, ಮಹಾಸಭೆಯೂ ಮುಗಿಯುತ್ತದೆ.

ಬಿಜೈ ಎಚ್‌ಆರ್ ಅಕ್ಕ

ಬೇಡ! ಈಗಲೇ ಕೊಟ್ಟು ನಾಲ್ಕು ತಿಂಗಳು ಮುಂದಿನ ತಾರೀಕು ಹಾಕಿದರೆ, ‘ಕರಾರಿನಲ್ಲಿ ಇರುವುದು 60 ದಿನ, 60ಕ್ಕೇ ಬಿಡು’ ಅಂತ ಅವರು ಹೇಳಬಹುದು. ಆಗ ಸೆಪ್ಟೆಂಬರ್‌ನಲ್ಲೇ ಹೊರಗೆ, ಮತ್ತೆ 240 ದಿನದ ಜಗಳ. ಬಾಸ್ ಒಳ್ಳೆಯವರು, ಒಪ್ಪಿದೆ. ಅವರ ಲೆಕ್ಕಪತ್ರ ನೋಡುವವರು ಅಷ್ಟು ಒಳ್ಳೆಯವರಾ?

ಮೊದಲು ಬೆಂಗಳೂರಿನವರಿಗೆ ಮೇಲ್ ಹಾಕಿ. ನವೆಂಬರ್ 16ಕ್ಕೆ ಸೇರುತ್ತೇನೆ, ಕಾರಣ ಹೀಗೆ, 5 ವರ್ಷ ತುಂಬುವುದು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದೇ ಮೇಲ್‌ನಲ್ಲಿ ಬಾಂಡ್ ಮೊತ್ತವನ್ನು ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಇಳಿಸಲಿಕ್ಕೆ ಕೇಳಿ. ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆಯುವುದು ಅಪರೂಪ. ಹೊಸ ತಾರೀಕಿನ ಆಫರ್ ಲೆಟರ್ ಕೈಗೆ ಬಂದ ಮೇಲೆ, ಸೆಪ್ಟೆಂಬರ್ 15ಕ್ಕೆ ಇಲ್ಲಿ ರಾಜೀನಾಮೆ. ಬಾಸ್‌ಗೆ ಬಾಯಿಮಾತಿನಲ್ಲಿ ಈಗಲೇ ಹೇಳಿ, ಅವರು ಬೇರೆ ಜನ ಹುಡುಕಬೇಕಲ್ಲ.

ಕದ್ರಿ ಲೆಕ್ಕದವ

ಇದರ ಜೊತೆ, ಪಿಎಫ್ ತೆಗೆಯಬೇಡಿ, ಹಳೆಯ ಯುಎಎನ್ (ಪಿಎಫ್ ಸದಸ್ಯರ) ನಂಬರನ್ನೇ ಕೊಟ್ಟು ಟ್ರಾನ್ಸ್‌ಫರ್ ಮಾಡಿಸಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ತೆಗೆದರೆ ಈ 5 ವರ್ಷ ಸೊನ್ನೆ. ಸಂಬಳ ಬಾಕಿ ಎಷ್ಟು ತಿಂಗಳು ಎಳೆಯುತ್ತಾರೋ ಅನ್ನುವ ಹೆದರಿಕೆ ಇದ್ದರೆ, 2025ರ ನವೆಂಬರ್ 21ಕ್ಕೆ ಜಾರಿಯಾದ ಹೊಸ ವೇತನ ಸಂಹಿತೆಯಲ್ಲಿ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡಬೇಕು ಅಂತ ಉಂಟು. ಗ್ರಾಚ್ಯುಟಿಗೆ 30 ದಿನ.

ಬಿ.ಸಿ.ರೋಡಿನವ

ಬೆಂಗಳೂರಿನಿಂದ ಉತ್ತರ ಬಂತು. ನವೆಂಬರ್ 16 ಆಗಬಹುದು. ಬಾಂಡ್ 18 ತಿಂಗಳು ಹಾಗೆಯೇ, ಆದರೆ ಮೊತ್ತ ತಿಂಗಳಿಗೆ ತಕ್ಕಂತೆ ಇಳಿಯುತ್ತದೆ ಅಂತ ಹೊಸ ಪತ್ರದಲ್ಲಿ ಬರೆದಿದ್ದಾರೆ. ಬಾಸ್‌ಗೆ ಹೇಳಿದೆ. ಸಿಟ್ಟು ಮಾಡಲಿಲ್ಲ, ಎರಡು ದಿನ ಮಾತು ಕಡಿಮೆ. ಇವತ್ತು ಹೊಸ ಹುಡುಗನನ್ನು ನನ್ನ ಪಕ್ಕ ಕೂರಿಸಿ, ‘ಇವನಿಗೆ ಡಿವಿಡೆಂಡ್ ಪಟ್ಟಿಯಿಂದ ಶುರು ಮಾಡು’ ಅಂದರು.

ಸಂಘದ ಕಾರ್ಯದರ್ಶಿ

ಡಿವಿಡೆಂಡ್ ಇರಲಿ, ಬಡ್ಡಿ ರೌಂಡ್ ಆಗುವುದು ಎಲ್ಲಿ ಅಂತ ಅವನಿಗೆ ಮೊದಲು ತೋರಿಸಿ ಮಾರ್ರೆ. ಮಾರ್ಚ್‌ಗೆ ನಾವು ಫೋನ್ ಮಾಡುವುದು ಅವನಿಗೆ.

ಬಿ.ಸಿ.ರೋಡಿನವ

ಬರೆದಿಡುತ್ತಾ ಇದ್ದೇನೆ ಸರ್, ಒಂದು ನೋಟ್‌ಬುಕ್ ಆಗಿದೆ. ವಿಟ್ಲದವರೇ, ಯಲಹಂಕದ ಪಿಜಿ ನಂಬರ್ ಮೆಸೇಜ್ ಮಾಡಿ. ಸಾಂಬಾರು ಹೇಗಿದ್ದರೂ ಪರವಾಗಿಲ್ಲ.

ಯಲಹಂಕದಲ್ಲಿರುವ ವಿಟ್ಲದವ

ಕಳಿಸಿದ್ದೇನೆ. ನವೆಂಬರ್ 15ರ ರಾತ್ರಿಯ ರೈಲಿಗೆ ಸೆಪ್ಟೆಂಬರ್ ನಡುವಿಗೇ ಬುಕಿಂಗ್ ತೆರೆಯುತ್ತದೆ, ನೀವು ರಾಜೀನಾಮೆ ಕೊಡುವ ಹೊತ್ತಿಗೇ. ಎರಡೂ ಒಟ್ಟಿಗೆ ಮುಗಿಸಿ.

ಪಡುಬಿದ್ರಿ ಅಕೌಂಟೆಂಟ್

ಎಲ್ಲರಿಗೂ ನಮಸ್ಕಾರ, ನನ್ನದೂ ಇದೇ ಥರದ ಪ್ರಶ್ನೆ. ಆದರೆ ನನಗೆ 11 ವರ್ಷ ಸರ್ವಿಸ್, ಪಿಎಫ್ ಕಡಿದದ್ದು 6 ವರ್ಷದಿಂದ ಮಾತ್ರ. ಮೊದಲಿನ 5 ವರ್ಷ ವೋಚರ್‌ನಲ್ಲಿ ಸಂಬಳ ಕೊಡುತ್ತಿದ್ದರು. ಗ್ರಾಚ್ಯುಟಿ ಯಾವಾಗಿನಿಂದ ಲೆಕ್ಕ?

ಬಿಜೈ ಎಚ್‌ಆರ್ ಅಕ್ಕ

ಸೇರಿದ ದಿನದಿಂದ. ಪಿಎಫ್‌ಗೂ ಅದಕ್ಕೂ ಸಂಬಂಧ ಇಲ್ಲ. ಆ ವೋಚರ್‌ಗಳ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಹಳೆ ಹಾಜರಿ ಯಾವುದಾದರೂ ನಿಮ್ಮ ಹತ್ತಿರ ಉಂಟಾ ಅಂತ ನೋಡಿ, ಹೊಸ ಚರ್ಚೆ ತೆರೆದು ಅಲ್ಲಿ ಹಾಕಿ. ಇಲ್ಲಿ ಸೇರಿಸಿದರೆ ನಿರ್ವಾಹಕರು ಬೈಯುತ್ತಾರೆ.